ಅಮ್ಮನ ಹಕ್ಕಿಗೊಂದು ಲೆನ್ಸು

ಇಂದುಶೇಖರನ ಕಾಲು ನಿಂತಲ್ಲಿ ನಿಲ್ಲುವ ಜಾತಿಯದಲ್ಲ. ಅದು ಹುಟ್ಟುಗುಣವೆಂದು ಹೆಂಡತಿ ಮನೋರಮಾ, ಅಲ್ಲ, ದೆಹಲಿಯ ನೀರಿನ ಗುಣವೆಂದು ತಾಯಿ ಸುಶೀಲಮ್ಮ ಆಗಾಗ ವಾದಕ್ಕೆ ಬೀಳುತ್ತಿದ್ದರು. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅವನು ಸೆಕ್ಷನ್ ಆಫೀಸರ್. ಕಡತವನ್ನು ಮೇಲಕ್ಕೆ ಕಳಿಸುವುದು, ಅದು ಕೆಳಗಿಳಿದು ಬರುವವರೆಗೆ ಕಾಯುವುದು, ಇಷ್ಟೇ ಉದ್ಯೋಗವಾದ ಮನುಷ್ಯನಿಗೆ ಕಾಯುವುದಾದರೂ ಬರಬೇಕಿತ್ತು. ಬರಲಿಲ್ಲ. ಜನಕಪುರಿಯ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗಿನ ಕಾಫಿಯನ್ನೂ ಅವನು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆಯುತ್ತಲೇ ಕುಡಿಯುತ್ತಿದ್ದ. ಅಂಥವನಿಗೆ ಆ ವರ್ಷ ಹಕ್ಕಿಯ ಹುಚ್ಚು ಹಿಡಿಯಿತು. ಸರಿಯಾಗಿ ಹೇಳುವುದಾದರೆ ಹಕ್ಕಿಯದಲ್ಲ, ಹಕ್ಕಿಯ ಚಿತ್ರ ತೆಗೆಯುವ ಗಾಜಿನದು.

ಶುರುವಾದದ್ದು ಹೀಗೆ. ಚಳಿ ಮುಗಿಯುತ್ತಿದ್ದ ದಿನಗಳಲ್ಲಿ ಸುಶೀಲಮ್ಮ, ಮೇಲಿನ ಮನೆಯವರ ನೀರಿನ ಮೋಟಾರು ಕೆಟ್ಟಿದೆ, ಮಧ್ಯಾಹ್ನವೆಲ್ಲ ಟುಕ್ ಟುಕ್ ಎಂದು ತಲೆ ತಿನ್ನುತ್ತದೆ ಎಂದು ಗೊಣಗತೊಡಗಿದರು. ಸೊಸೆಯನ್ನು ಮೇಲಕ್ಕೆ ಕಳಿಸಿ ಹೇಳಿಸಿದ್ದೂ ಆಯಿತು. ಮೇಲಿನ ಮನೆಯ ಪಂಜಾಬಿ ಹೆಂಗಸು ಮನೋರಮಾಳನ್ನು ಮೋಟಾರಿನ ಹತ್ತಿರಕ್ಕೇ ಕರೆದೊಯ್ದು, ಆರಿಸಿದ್ದೇವೋ ಇಲ್ಲವೋ ನೀವೇ ಮುಟ್ಟಿ ನೋಡಿ ಎಂದಳು. ಕೊನೆಗೆ ಪತ್ತೆ ಹಚ್ಚಿದವಳು ಒಂಬತ್ತನೇ ಕ್ಲಾಸಿನ ಮಗಳು ಹರ್ಷಿಣಿ. ಅದು ಮೋಟಾರಲ್ಲ, ಎದುರಿನ ಪಾರ್ಕಿನ ಅರಳಿಮರದಲ್ಲಿ ಕೂತು ಕೂಗುವ ಹಕ್ಕಿ, ಇಂಗ್ಲಿಷಿನಲ್ಲಿ ಕಾಪರ್‌ಸ್ಮಿತ್, ಕನ್ನಡದಲ್ಲಿ ಕಂಚುಕುಟಿಗ ಎಂದು ಫೋನಿನಲ್ಲಿ ಹುಡುಕಿ ಹೇಳಿದಳು. ಗುಬ್ಬಿಗಿಂತ ಒಂದಿಷ್ಟು ದಪ್ಪ, ಮೈ ಹಸಿರು, ಕಣ್ಣಿನ ಸುತ್ತ ಹಳದಿ, ಹಣೆಗೆ ಕುಂಕುಮ ಇಟ್ಟುಕೊಂಡ ಹಾಗೆ ಕೆಂಪು.

ಸುಶೀಲಮ್ಮನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅಂದಿನಿಂದ ಅದು ಅವರ ಹಕ್ಕಿಯಾಯಿತು. ಮಧ್ಯಾಹ್ನದ ಊಟ ಮುಗಿಸಿ ಬಾಲ್ಕನಿಯ ಕುರ್ಚಿಯಲ್ಲಿ ಕೂತರೆಂದರೆ ಅತ್ತ ಟುಕ್ ಟುಕ್ ಶುರು, ಇತ್ತ ಇವರು ಬಂದೆಯಾ ಎಂದು ಮಾತಾಡಿಸುವುದು ಶುರು. ಆದರೆ ನೋಡಲು ಮಾತ್ರ ಆಗಲಿಲ್ಲ. ಮರ ಎತ್ತರ, ಹಕ್ಕಿ ಚಿಕ್ಕದು, ಕಣ್ಣು ಮಂಜು. ಮೊಮ್ಮಗಳು ಫೋನಿನಲ್ಲಿ ಬೇರೆ ಯಾರೋ ತೆಗೆದ ಚಿತ್ರಗಳನ್ನು ತೋರಿಸಿದಳು. ಅವರು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ವಾಪಸ್ಸು ಕೊಟ್ಟರು.

"ಇದು ಯಾವೂರಿನದ್ದೋ ಏನೋ. ದಿನಾ ನನ್ನ ಕೂಗುತ್ತಲ್ಲ, ಅದನ್ನ ತೋರಿಸಿ, ನೋಡ್ತೀನಿ," ಎಂದರು.

ಅದೇ ತಿಂಗಳು ಕಣ್ಣಿನ ಡಾಕ್ಟರು ಇಂದುಶೇಖರನನ್ನು ಒಳಗೆ ಕರೆದು ವಿಷಯ ಹೇಳಿದ್ದರು. ತಾಯಿಯ ಬಲಗಣ್ಣಿನ ನಡುವಿನ ನೋಟ ಆಗಲೇ ಹೋಗಿದೆ. ಎಡಗಣ್ಣಿಗೂ ಅದೇ ಶುರುವಾಗಿದೆ. ಅಂಚಿನ ನೋಟ ಉಳಿಯುತ್ತದೆ, ಮನೆಯೊಳಗೆ ಓಡಾಡಲು ತೊಂದರೆಯಿಲ್ಲ. ಆದರೆ ನೇರ ಎದುರಿಗೆ ಇರುವುದೆಲ್ಲ, ಮುಖವಾಗಲಿ ಅಕ್ಷರವಾಗಲಿ, ಅಳಿಸಿದಂತೆ ಆಗುತ್ತ ಹೋಗುತ್ತದೆ. ಇಂಜೆಕ್ಷನ್ ಕೊಡುತ್ತ ಹೋಗೋಣ, ಎಷ್ಟು ದಿನ ತಡೆಯುತ್ತದೆ ಎಂದು ಹೇಳಲು ಬರುವುದಿಲ್ಲ ಎಂದಿದ್ದರು. ಇಂದುಶೇಖರ ಅಂದು ಸಂಜೆ ಬಾಲ್ಕನಿಯಲ್ಲಿ ನಡೆದದ್ದೇ ನಡೆದದ್ದು. ಊಟಕ್ಕೆ ಕೂತಾಗ ತಾಯಿಗೆ ಮಾತು ಕೊಟ್ಟ. ನಿನ್ನ ಹಕ್ಕಿಯ ಚಿತ್ರವನ್ನು ನಾನೇ ತೆಗೆಯುತ್ತೇನೆ, ಹಾಲಿನ ದೊಡ್ಡ ಟೀವಿಗೆ ಹಾಕುತ್ತೇನೆ, ಅದರ ಹಣೆಯ ಕುಂಕುಮ ನಿನ್ನ ಅಂಗೈಯಷ್ಟು ದೊಡ್ಡದಾಗಿ ಕಾಣಬೇಕು ಎಂದ. ಕಣ್ಣಿರುವಾಗಲೇ ಎಂಬುದನ್ನು ಅವನೂ ಹೇಳಲಿಲ್ಲ, ಮನೆಯಲ್ಲಿ ಉಳಿದವರೂ ಹೇಳಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.

ಅವನ ಹತ್ತಿರವಿದ್ದ ಹಳೆಯ ಕ್ಯಾಮೆರಾ ಮದುವೆ ಮುಂಜಿಗೆ ಸಾಕು. ಅರಳಿಮರದ ತುದಿಗೆ ಗುರಿಯಿಟ್ಟರೆ ಹಕ್ಕಿ ಕಡ್ಡಿಯ ಮೇಲಿನ ಇರುವೆಯಷ್ಟು ಬಂತು. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಬೇಕು ಎಂದಾಯಿತು. ಯಾವ ಲೆನ್ಸ್ ಎಂಬ ಪ್ರಶ್ನೆಗೆ ಬಂದಾಗ ಗ್ರಹಚಾರ ಶುರುವಾಯಿತು.

ಅವನಿಗೆ ಗುರು ಸಿಕ್ಕಿದ್ದು ಪವನ್. ಗುರುಗ್ರಾಮದ ಐಟಿ ಕಂಪನಿಯಲ್ಲಿ ಕೆಲಸ, ವಸಂತ್ ಕುಂಜ್‌ನಲ್ಲಿ ಬಾಡಿಗೆ ಮನೆ, ಮದುವೆಯಿಲ್ಲ, ಕ್ಯಾಮೆರಾ ಮಾತ್ರ ಮೂರು. ಭಾನುವಾರ ಬೆಳಿಗ್ಗೆ ಇಬ್ಬರೂ ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ದೋಸೆಗೆ ಸೇರುತ್ತಿದ್ದರು. ದೋಸೆ ಆರಿ ಚರ್ಮವಾದರೂ ಮಾತು ಆರುತ್ತಿರಲಿಲ್ಲ. ಜೂಮ್ ಆದರೆ ಹಿಂದೆ ಮುಂದೆ ಎಳೆದುಕೊಳ್ಳಬಹುದು, ಆದರೆ ಪೂರ್ತಿ ಎಳೆದಾಗ ಗರಿಗಳು ಮೆತ್ತಗಾಗುತ್ತವೆ. ಎಳೆಯಲು ಬಾರದ ಪ್ರೈಮ್ ಲೆನ್ಸ್ ಆದರೆ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತದೆ, ಆದರೆ ಭಾರಕ್ಕೆ ತೋಳು ಬಿದ್ದುಹೋಗುತ್ತದೆ. ತೋಳು ನಡುಗಿದರೆ ಚಿತ್ರ ನಡುಗುತ್ತದೆ. ನಡುಗದಿರಲು ಟ್ರೈಪಾಡ್ ಬೇಕು. ಟ್ರೈಪಾಡ್ ಹಗುರಾದರೆ ಗಾಳಿಗೆ ಅಲುಗುತ್ತದೆ, ಭಾರವಾದರೆ ಹೊರುವವರಿಲ್ಲದೆ ಮನೆಯಲ್ಲೇ ಉಳಿಯುತ್ತದೆ. ಹೀಗೆ ಒಂದು ಗಂಟು ಬಿಚ್ಚಿದರೆ ಅದರೊಳಗೆ ಇನ್ನೆರಡು. ಪವನ್ ಇದನ್ನೆಲ್ಲ ಆಟಕ್ಕೆ ಮಾತಾಡುತ್ತಿದ್ದ. ಇಂದುಶೇಖರ ಮನೆಗೆ ಹೊತ್ತುಕೊಂಡು ಬರುತ್ತಿದ್ದ.

ಮಾರ್ಚಿನಲ್ಲಿ ಅರಳಿಮರ ಎಲೆ ಉದುರಿಸಿ ಬೋಳಾಯಿತು. ಹಕ್ಕಿ ಬಿಸಿಲು ಕಾಯಿಸುತ್ತ ಬರಿಯ ಕೊಂಬೆಯ ತುದಿಯಲ್ಲಿ ಕೂರತೊಡಗಿತು. ಹರ್ಷಿಣಿ ಬಾಲ್ಕನಿಯಿಂದಲೇ ಬೊಟ್ಟು ಮಾಡಿ ತೋರಿಸುತ್ತಿದ್ದಳು. ಆ ವಾರಗಳಲ್ಲಿ ಅವಳ ಅಪ್ಪ ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯಲ್ಲಿದ್ದ. ಒಂದು ಜೂಮ್ ತಂದ, ಮನೆಗೆ ಬಂದು ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ ತೆಗೆದು ನೋಡಿದ, ಮೂಲೆಯ ಅಕ್ಷರ ಮಸುಕು ಎಂದು ಹಿಂದಿರುಗಿಸಿದ. ಪ್ರೈಮ್ ತಂದ, ಟ್ರೈಪಾಡ್ ತಂದ, ಟ್ರೈಪಾಡಿನ ತಲೆ ಸರಿಯಿಲ್ಲ ಎಂದು ಇನ್ನೊಂದು ತಲೆ ತಂದ. ಹಾಲಿನ ಮಧ್ಯೆ ಮೂರು ಕಾಲಿನ ಆ ಪ್ರಾಣಿ ನಿಂತಿರುತ್ತಿತ್ತು. ಸುಶೀಲಮ್ಮ ನೀರು ಕುಡಿಯಲು ಎದ್ದಾಗಲೆಲ್ಲ ಅದನ್ನು ಎಡವುತ್ತಿದ್ದರು. ಅಮ್ಮ, ನೋಡಿಕೊಂಡು ನಡಿ, ಅದು ಅಲುಗಬಾರದು ಎಂದು ಅವನು ಓಡಿಬಂದು ಹಿಡಿಯುತ್ತಿದ್ದದ್ದು ಟ್ರೈಪಾಡನ್ನು.

ಅವನನ್ನು ಬೈಯುವುದು ಸುಲಭ. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವನಿಗೆ ತಾಯಿಯೆಂದರೆ ಜೀವ. ಅಮ್ಮ ಕಣ್ಣು ತುಂಬ ನೋಡುವ ಕೊನೆಯ ಹಕ್ಕಿ ಇದೇ ಆಗಬಹುದು, ಅದನ್ನು ಮಸುಕಾಗಿ ತೋರಿಸುವುದೆಂದರೆ ತೋರಿಸದೆ ಇದ್ದ ಹಾಗೆ ಎಂಬುದು ಅವನ ತರ್ಕ. ಆಫೀಸಿನಲ್ಲಿ ಟಿಪ್ಪಣಿ ಬರೆಯುವಾಗಲೂ, ಮೆಟ್ರೋದಲ್ಲಿ ಕಂಬ ಹಿಡಿದು ನೇತಾಡುವಾಗಲೂ ಅದೇ ತಲೆಯಲ್ಲಿ. ಇವತ್ತಿನದಕ್ಕಿಂತ ನಾಳೆಯ ಲೆನ್ಸ್ ಚೆನ್ನಾಗಿರುತ್ತದೆ ಎಂಬ ಆಸೆ ಅವನನ್ನು ಒಂದು ಕಡೆ ಕೂರಗೊಡುತ್ತಿರಲಿಲ್ಲ.

ಅಂತೂ ಮೇ ತಿಂಗಳಲ್ಲಿ ಮನಸ್ಸಿಗೆ ಒಪ್ಪಿದ ಲೆನ್ಸ್ ಮನೆಗೆ ಬಂತು. ಬಂದ ವಾರವೇ ಆಂಧಿ ಎದ್ದಿತು. ರಾಜಸ್ಥಾನದ ಕಡೆಯಿಂದ ಬರುವ ಆ ಧೂಳು ಮುಚ್ಚಿದ ಕಿಟಕಿಯ ಸಂದಿಯಲ್ಲೂ ನುಗ್ಗಿ ಮೇಜಿನ ಮೇಲೆ ಹಿಟ್ಟು ಸುರಿದಂತೆ ಬೀಳುತ್ತದೆ. ಲೆನ್ಸಿನೊಳಗೆ ಹೋದರೆ ಏನು ಗತಿ ಎಂದು ಇಂದುಶೇಖರ ಅದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚೀಲದೊಳಗಿಟ್ಟು, ಚೀಲವನ್ನು ಬೀರುವಿನೊಳಗಿಟ್ಟ. ಮಳೆ ಬರಲಿ, ಧೂಳು ಕೂರಲಿ ಎಂದು ಕಾದ. ಮಳೆ ಬಂತು. ಆಗ ಪವನ್ ಫಂಗಸ್ ಎಂಬ ಪದ ಹೇಳಿದ. ತೇವದಲ್ಲಿ, ಕತ್ತಲಲ್ಲಿ, ಸುತ್ತಿಟ್ಟ ಲೆನ್ಸಿನೊಳಗೆ ಬೂಷ್ಟು ಹುಟ್ಟುತ್ತದೆ ಸರ್, ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಹರಡುತ್ತದೆ, ಒಮ್ಮೆ ಹಿಡಿದರೆ ಲೆನ್ಸ್ ಮುಗಿಯಿತು ಎಂದ. ಅಂದು ಸಂಜೆ ಮನೋರಮಾಳ ಅಕ್ಕಿ ಡಬ್ಬಿ ಖಾಲಿಯಾಯಿತು. ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳು, ಅವುಗಳ ಮಧ್ಯೆ ಲೆನ್ಸ್. ಆಮೇಲೆ ಡಬ್ಬಿಯ ಮೇಲೂ ನಂಬಿಕೆ ಹೋಗಿ ಕರೆಂಟಿನಲ್ಲಿ ನಡೆಯುವ ಗಾಜಿನ ಬಾಗಿಲಿನ ಪೆಟ್ಟಿಗೆಯೊಂದು ಬಂತು. ಅದಕ್ಕೆ ತೇವಾಂಶ ತೋರಿಸುವ ಮುಳ್ಳು. ಬೆಳಿಗ್ಗೆ ಎದ್ದವನು ದೇವರ ಪಟಕ್ಕೆ ಕೈಮುಗಿಯುವ ಮೊದಲು ಆ ಮುಳ್ಳು ನೋಡುತ್ತಿದ್ದ. ತಾಯಿಯ ಕಣ್ಣಿಗೆ ಔಷಧದ ಹನಿ ಹಾಕುವುದು ಹರ್ಷಿಣಿಯ ಪಾಲಿಗೆ, ಆಸ್ಪತ್ರೆಗೆ ಕರೆದೊಯ್ಯುವುದು ಮನೋರಮಾಳ ಪಾಲಿಗೆ ಬಂದಿತ್ತು.

ಆಸ್ಪತ್ರೆಯಿಂದ ಬಂದಾಗಲೆಲ್ಲ ಅವನು ತಪ್ಪದೆ ವಿಚಾರಿಸುತ್ತಿದ್ದ. ಸುಶೀಲಮ್ಮ ತಪ್ಪದೆ ಪರವಾಗಿಲ್ಲ ಕಣೋ ಎನ್ನುತ್ತಿದ್ದರು. ಆಗಸ್ಟಿನಲ್ಲಿ ಒಂದು ದಿನ ಮನೋರಮಾ ಅವನನ್ನು ಅಡುಗೆಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸಿದಳು.

"ರೀ, ಇರೋ ಲೆನ್ಸಲ್ಲೇ ತೆಗೀರಿ. ಹೇಗಾದರೂ ಬರಲಿ, ಈ ವಾರವೇ ತೆಗೀರಿ."

ಅವಳ ದನಿಯಲ್ಲಿ ಏನೋ ಇತ್ತು. ಅವನು ಅದನ್ನು ಅಕ್ಕಿ ಡಬ್ಬಿಯ ಸಿಟ್ಟು ಎಂದುಕೊಂಡ. ಈ ಸೆಖೆಯಲ್ಲಿ ಹೊರಗೆ ತೆಗೆದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ, ನಿನಗೆ ಗೊತ್ತಾಗುವುದಿಲ್ಲ ಎಂದು ಹೇಳಿ ಆಫೀಸಿಗೆ ಹೊರಟ. ಸೆಪ್ಟೆಂಬರಿನಲ್ಲಿ ಅಂತೂ ಮೊದಲ ಬಾರಿ ಪಾರ್ಕಿಗೆ ಒಯ್ದು ಎಲೆಯೊಂದಕ್ಕೆ ಗುರಿಯಿಟ್ಟು ನೋಡಿದರೆ, ಫೋಕಸ್ಸು ಎಲೆಯ ಮೇಲಲ್ಲ, ಅದರ ಹಿಂದಿನ ಕಡ್ಡಿಯ ಮೇಲೆ ಕೂತಿತ್ತು. ಲೆನ್ಸ್ ಸರಿಪಡಿಸಲು ನೆಹರೂ ಪ್ಲೇಸಿಗೆ ಹೋಯಿತು. ನವರಾತ್ರಿಯ ಹೊತ್ತಿಗೆ ವಾಪಸ್ಸು ಬಂತು. ಅಷ್ಟರಲ್ಲಿ ಹಕ್ಕಿ ಕೂಗುವುದು ಕಡಿಮೆಯಾಗಿ, ಬಿಸಿಲು ಚುರುಕಾದ ಹೊತ್ತಿನಲ್ಲಿ ಮಾತ್ರ ಒಂದಿಷ್ಟು ಟುಕ್ ಟುಕ್ ಎಂದು ಸುಮ್ಮನಾಗುತ್ತಿತ್ತು. ಚಳಿಗಾಲ ಪೂರ್ತಿ ಅದು ಬಾಯಿ ಬಿಡುವುದಿಲ್ಲ. ದೀಪಾವಳಿಯ ಹೊಗೆ ಬೇರೆ ಬರಲಿದೆ. ಇಂದುಶೇಖರನಿಗೆ ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಂತೆ ಆಯಿತು. ಆಯುಧಪೂಜೆ ಆಗಲಿ, ಮರುದಿನ ವಿಜಯದಶಮಿ, ರಜೆ, ಒಳ್ಳೆಯ ದಿನ, ತೆಗೆದೇಬಿಡುತ್ತೇನೆ ಎಂದು ಎಲ್ಲರೆದುರು ಹೇಳಿದ.

ಆಯುಧಪೂಜೆ ಆ ಮನೆಯಲ್ಲಿ ಸುಶೀಲಮ್ಮನ ಕೈಯಿಂದಲೇ ಆಗಬೇಕು. ದಾವಣಗೆರೆಯಲ್ಲಿ ಅವರ ಗಂಡ ಈಶ್ವರಪ್ಪನವರದು ಗಡಿಯಾರದ ಅಂಗಡಿ. ವರ್ಷಕ್ಕೊಮ್ಮೆ ಗೋಡೆಯ ಗಡಿಯಾರ, ಮೇಜಿನ ಗಡಿಯಾರ, ಇಕ್ಕಳ, ಸುತ್ತಿಗೆ ಎಲ್ಲಕ್ಕೂ ಅವರು ಗಂಧ ಕುಂಕುಮ ಇಟ್ಟು ಬಂದವರು. ಗಾಜಿಗೆ ಇಡಬಾರದು, ಮರಕ್ಕೆ ಕಬ್ಬಿಣಕ್ಕೆ ಇಡಬೇಕು ಎಂಬುದು ಅವರದೇ ಕಟ್ಟಳೆ. ಅಷ್ಟು ಗಡಿಯಾರಗಳಲ್ಲಿ ಒಂದರ ಮುಖಕ್ಕೂ ಅವರ ಬೆರಳು ತಾಗಿದ್ದಿಲ್ಲ. ದೆಹಲಿಗೆ ಬಂದ ಮೇಲೆ ಸ್ಕೂಟರು, ಮಿಕ್ಸಿ, ಲ್ಯಾಪ್‌ಟಾಪು, ಈಳಿಗೆಮಣೆ, ಹರ್ಷಿಣಿಯ ಕಂಪಾಸು ಪೆಟ್ಟಿಗೆ ಎಲ್ಲಕ್ಕೂ ಅದೇ ಶಾಸ್ತ್ರ ನಡೆದಿತ್ತು.

ಆ ಬೆಳಿಗ್ಗೆ ಇಂದುಶೇಖರ ಬೇಗ ಎದ್ದು ಲೆನ್ಸಿಗೆ ಸ್ನಾನ ಮಾಡಿಸಿದ. ಮೊದಲು ರಬ್ಬರಿನ ಬ್ಲೋವರಿನಿಂದ ಗಾಳಿ ಒತ್ತಿ ಧೂಳು ಹಾರಿಸಿದ, ಆಮೇಲೆ ಮೃದುವಾದ ಕುಂಚ, ಆಮೇಲೆ ಬಟ್ಟೆಗೆ ಒಂದೇ ಹನಿ ದ್ರಾವಣ ಹಾಕಿ ನಡುವಿನಿಂದ ಅಂಚಿಗೆ ಸುತ್ತಿಸುತ್ತ ಒರೆಸಿದ. ಒಣ ಗಾಜನ್ನು ಉಜ್ಜಬಾರದು, ಬಾಯಿಂದ ಊದಬಾರದು, ಉಗುಳಿನ ತೇವವೂ ಕಲೆಯೇ. ಇದೆಲ್ಲ ಅವನಿಗೆ ಬಾಯಿಪಾಠ. ಲೆನ್ಸನ್ನು ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಪೂಜೆಯ ಫೋಟೋವನ್ನು ಕ್ಯಾಮೆರಾ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಬೇಕಲ್ಲ, ಗಾಜು ಹೊಳೆಯಲಿ ಎಂದು ಮುಚ್ಚಳವನ್ನೂ ತೆಗೆದಿಟ್ಟ. ಆಮೇಲೆ ಬೂದುಗುಂಬಳ ಒಡೆಯಲು ಕೆಳಗೆ ಸ್ಕೂಟರಿನ ಹತ್ತಿರ ಹೋದ.

ಮನೆಯೊಳಗೆ ಹರ್ಷಿಣಿ ತಟ್ಟೆ ಹಿಡಿದು ಅಜ್ಜಿಯ ಪಕ್ಕದಲ್ಲೇ ಬಗ್ಗಿ, ಇದು ಮಿಕ್ಸಿ, ಇದು ಕತ್ತರಿ ಎಂದು ಪಿಸುಗುಟ್ಟುತ್ತಿದ್ದಳು. ಒಲೆಯ ಮೇಲೆ ಹೂರಣ ತಳ ಹತ್ತುತ್ತಿದೆ ಎಂದು ಮನೋರಮಾ ಕೂಗಿದಾಗ ತಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು ಓಡಿದಳು. ಸುಶೀಲಮ್ಮ ತಾವೇ ಮುಂದುವರಿದರು.

ಇಂದುಶೇಖರ ಮೇಲೆ ಬಂದು ನೋಡಿದರೆ, ಅವನ ಲೆನ್ಸಿನ ಗಾಜಿನ ನಟ್ಟನಡುವೆ ಹಸಿ ಗಂಧದ ದೊಡ್ಡ ಬೊಟ್ಟು, ಅದರ ಮೇಲೆ ಕುಂಕುಮ, ಅದಕ್ಕಂಟಿದ ಅಕ್ಷತೆ. ಕುಂಕುಮದ ಪುಡಿ ಅಂಚಿನ ಸಂದಿಯಲ್ಲೆಲ್ಲ ಇಳಿದಿತ್ತು.

"ಇಷ್ಟು ವರ್ಷ ಪೂಜೆ ಮಾಡಿದವಳು ನೀನು. ಗಾಜು ಯಾವುದು, ಕಬ್ಬಿಣ ಯಾವುದು ಅಂತ ಗೊತ್ತಾಗಲ್ವಾ ಅಮ್ಮ?" ಎಂದ. ಅವನ ದನಿ ಮೇಲಿನ ಮನೆಗೂ ಕೇಳಿಸಿತು.

ಸುಶೀಲಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಗೊತ್ತಾಗಲಿಲ್ಲ ಕಣಪ್ಪ," ಎಂದಷ್ಟೇ ಹೇಳಿದರು.

ಹಬ್ಬದ ದಿನ ಮನೆ ಮಸಣವಾಯಿತು. ಅವನು ಹೋಳಿಗೆ ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡು, ದೀಪದ ಕೆಳಗೆ ಕೂತು, ಮೊದಲು ಲೆನ್ಸನ್ನು ಮಗುಚಿ ಹಿಡಿದು ಪುಡಿ ಉದುರಿಸಿದ. ಗಂಧ ಒಣಗಿ ಗಟ್ಟಿಯಾಗುವ ಮೊದಲು ತೇವ ಮಾಡಿ ಎತ್ತಬೇಕು, ಎತ್ತುವಾಗ ಒತ್ತಬಾರದು, ಕಲ್ಲಿನಲ್ಲಿ ತೇಯ್ದ ಗಂಧ, ಒಂದು ಕಣ ಉಜ್ಜಿದರೂ ಗೀರು ಬೀಳುತ್ತದೆ. ಹತ್ತಿಯ ತುದಿಯಿಂದ ಒಂದೊಂದೇ ಚೂರು ಎತ್ತುತ್ತ ಮಧ್ಯಾಹ್ನ ಕಳೆಯಿತು, ಸಂಜೆ ಕಳೆಯಿತು. ಹೊರಗೆ ಮನೋರಮಾ ಮತ್ತು ಹರ್ಷಿಣಿ ಏನೋ ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ತಾನು ಕೂಗಾಡಿದ್ದರ ಬಗ್ಗೆ ಇರಬೇಕು ಎಂದುಕೊಂಡ. ನಾಚಿಕೆಯಾಯಿತು. ಬಾಗಿಲು ತೆಗೆಯುವಷ್ಟು ಆಗಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಕ್ಯಾಮೆರಾ ಹೊತ್ತು ಪಾರ್ಕಿಗೆ ಇಳಿದ. ಅತ್ತ ಮೈದಾನದಲ್ಲಿ ಸಂಜೆ ಸುಡಲಿರುವ ರಾವಣನ ಬೊಂಬೆಗೆ ಹಗ್ಗ ಕಟ್ಟಿ ಎಬ್ಬಿಸುತ್ತಿದ್ದ ಗಲಾಟೆ ಕೇಳುತ್ತಿತ್ತು. ಲೆನ್ಸಿಗೆ ಏಟಾಗಿದೆಯೇ ಎಂದು ಮೊದಲು ನೋಡಬೇಕು. ಅದಕ್ಕೆ ಕ್ಯಾಮೆರಾದ ಜನ ಒಂದು ವಿಧಾನ ಇಟ್ಟುಕೊಂಡಿದ್ದಾರೆ. ಇಟ್ಟಿಗೆ ಗೋಡೆಯ ಚಿತ್ರ ತೆಗೆಯುವುದು. ಇಟ್ಟಿಗೆಯ ಗೆರೆಗಳು ನೇರವಾಗಿ, ನಡುವಿನಲ್ಲೂ ಮೂಲೆಯಲ್ಲೂ ಒಂದೇ ಸಮ ಚೂಪಾಗಿ ಬಂದರೆ ಲೆನ್ಸ್ ಆರೋಗ್ಯವಾಗಿದೆ ಎಂದು ಅರ್ಥ. ಪಾರ್ಕಿನ ಪಂಪುಮನೆಯ ಗೋಡೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹೊಸದಾಗಿ ಬಣ್ಣ ಬಳಿದ ಕೆಂಪು ಇಟ್ಟಿಗೆ. ಅವನು ಟ್ರೈಪಾಡ್ ನಿಲ್ಲಿಸಿ ಗೋಡೆಗೆ ಗುರಿಯಿಟ್ಟ. ತಲೆಯ ಮೇಲೆ ಅರಳಿಮರದಲ್ಲಿ ಟುಕ್ ಟುಕ್ ಶುರುವಾಯಿತು. ಇಂದುಶೇಖರನಿಗೆ ಕೇಳಿಸಿತು. ಒಂದು ನಿಮಿಷ ಇರು, ಗೋಡೆ ಸರಿ ಬಂದಿದೆಯೇ ನೋಡಿ ಬರುತ್ತೇನೆ ಎಂದು ಮನಸ್ಸಿನಲ್ಲೇ ಹಕ್ಕಿಗೆ ಹೇಳಿ, ಗೋಡೆಯನ್ನು ಮತ್ತೆ ಮತ್ತೆ ತೆಗೆದು, ಮನೆಗೆ ಓಡಿದ.

ಟೀವಿಗೆ ಜೋಡಿಸಿದ. ಹಾಲಿನ ಅರ್ಧ ಗೋಡೆಯ ತುಂಬ ಆ ಗೋಡೆ ಬಂತು. ಅವನು ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಎಡಮೂಲೆ ನೋಡಿದ, ಬಲಮೂಲೆ ನೋಡಿದ. ಕಲೆಯಿಲ್ಲ, ಗೀರಿಲ್ಲ. ಇಟ್ಟಿಗೆಯ ಮೇಲಿನ ಮರಳಿನ ಕಣವೂ ಕಾಣುತ್ತಿತ್ತು. ಲೆನ್ಸಿಗೆ ಏನೂ ಆಗಿರಲಿಲ್ಲ.

ಟೀವಿ ಹಾಕಿದ ಸದ್ದಿಗೆ ಸುಶೀಲಮ್ಮ ಒಳಗಿನಿಂದ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ನಿನ್ನೆಯ ಮಾತನ್ನು ಮರೆತವರಂತೆ, ಪಾರ್ಕಿಗೆ ಹೋಗಿದ್ದೆಯಾ ಎಂದು ಕೇಳಿದರು. ಅವನು ಹೂಂ ಎಂದ. ಅವರು ಟೀವಿಯ ಕಡೆ ತಿರುಗಿದರು.

"ಎಷ್ಟು ಚೆನ್ನಾಗಿ ಬಂದಿದೆ ಕಣೋ," ಎಂದರು. "ಆ ಹಣೆ ನೋಡು, ಎಷ್ಟು ಕೆಂಪಗಿದೆ. ಹರ್ಷಿಣಿ ಹೇಳಿದ್ದು ನಿಜ, ಕುಂಕುಮ ಇಟ್ಟ ಹಾಗೇ ಇದೆ."

ಇಂದುಶೇಖರ ತಮಾಷೆ ಎಂದುಕೊಂಡು ತಿರುಗಿದ. ತಮಾಷೆಯಲ್ಲ. ತಾಯಿಯ ಮುಖ ಟೀವಿಗೆ ನೇರವಾಗಿರಲಿಲ್ಲ. ಗಲ್ಲವನ್ನು ಎಡಕ್ಕೆ ತಿರುಗಿಸಿ, ಕಣ್ಣಂಚಿನಿಂದ ಆ ಕೆಂಪನ್ನು ಹೀರಿಕೊಳ್ಳುತ್ತಿದ್ದರು. ಹೀಗೆ ವಾರೆಯಾಗಿ ಕೂರುವುದನ್ನು ಅವನು ಎಷ್ಟೋ ದಿನದಿಂದ ಕಂಡಿದ್ದ. ಕುತ್ತಿಗೆ ನೋವಿರಬೇಕು ಎಂದುಕೊಂಡು ಒಮ್ಮೆ ಮುಲಾಮೂ ತಂದುಕೊಟ್ಟಿದ್ದ. ಗಂಧದ ಬೊಟ್ಟು ಗಾಜಿನ ಮೇಲೆ ಬಿದ್ದದ್ದು ಏಕೆಂದು ಈಗ ತಿಳಿಯಿತು. ಟ್ರೈಪಾಡ್ ಎಡವಿದ್ದು, ಮೊಮ್ಮಗಳು ಪಿಸುಗುಟ್ಟಿದ್ದು ಎಲ್ಲ ಒಟ್ಟಿಗೆ ತಿಳಿಯಿತು.

ಅಮ್ಮ, ಅದು, ಎಂದು ಬಾಯಿ ತೆರೆದ. ಹರ್ಷಿಣಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಟೀವಿ ನೋಡಿದಳು, ಅಜ್ಜಿಯನ್ನು ನೋಡಿದಳು, ಸರಸರ ಬಂದು ಅವನ ತೋಳು ಹಿಡಿದಳು.

"ಪಪ್ಪಾ, ಪ್ಲೀಸ್, ಅಭೀ ಕುಛ್ ಮತ್ ಬೋಲನಾ," ಎಂದಳು, ಈಗ ಏನೂ ಹೇಳಬೇಡ ಎಂದು, ಅವನಿಗಷ್ಟೇ ಕೇಳುವಂತೆ.

ಅವಳಿಗೆ ಗೊತ್ತಿತ್ತು. ಅವನು ಅಡುಗೆಮನೆಗೆ ಹೋದ. ಮನೋರಮಾ ಅವನ ಮುಖ ನೋಡಿದೊಡನೆ ಕೈಲಿದ್ದ ಸೌಟು ಕೆಳಗಿಟ್ಟಳು. ಕೇಳುವ ಮೊದಲೇ ಹೇಳಿದಳು. ಆಗಸ್ಟಿನಲ್ಲಿ ಆಸ್ಪತ್ರೆಯ ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಅತ್ತೆಗೆ ಕಾಣಲಿಲ್ಲ. ಇಂಜೆಕ್ಷನ್ ಇನ್ನು ಬೇಡ, ಪ್ರಯೋಜನವಿಲ್ಲ ಎಂದರು ಡಾಕ್ಟರು. ಆಟೋದಲ್ಲಿ ಬರುವಾಗ ಅತ್ತೆ ಅವಳ ಕೈ ಹಿಡಿದುಕೊಂಡು ಆಣೆ ಹಾಕಿಸಿಕೊಂಡಿದ್ದರು.

"ಅವನು ಹಕ್ಕಿ ತರ್ತಾನೆ, ತಂದ ದಿನ ನಾನು ನೋಡಿದೆ ಅಂತೀನಿ, ಅವನ ಮನಸ್ಸಿಗೆ ನೆಮ್ಮದಿ ಆಗಲಿ, ಆಮೇಲೆ ನಿಧಾನಕ್ಕೆ ಹೇಳೋಣ ಅಂದ್ರು," ಎಂದಳು ಮನೋರಮಾ. "ನಾನು ಬಾಯಿಬಿಟ್ಟು ಹೇಳಬೇಕಿತ್ತು ರೀ. ಬೇಗ ತೆಗೀರಿ ಅಂತ ಹೇಳೋದಷ್ಟೇ ನನ್ನಿಂದ ಆಗಿದ್ದು."

ಇಂದುಶೇಖರನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆ ಹೇಸಿಗೆಯಾಯಿತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಎಂದು ಕಾಲು ಎಳೆಯಿತು. ಹಾಲಿಗೆ ಬಂದು ಕ್ಯಾಮೆರಾ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಬಾಗಿಲ ಚಿಲಕಕ್ಕೆ ಕೈ ಹಾಕಿದ. ಹಕ್ಕಿ ಇನ್ನೂ ಮರದಲ್ಲೇ ಇರಬಹುದು. ಲೆನ್ಸ್ ಚೊಕ್ಕಟವಾಗಿದೆ, ಬಿಸಿಲು ಚೆನ್ನಾಗಿದೆ, ಗಾಳಿಯಿಲ್ಲ. ಇಂಥ ದಿನಕ್ಕೇ ಅವನು ಮಾರ್ಚಿನಿಂದ ಕಾದದ್ದು. ತೆಗೆದು ಯಾರಿಗೆ ತೋರಿಸುವುದು ಎಂದು ಹೊಳೆದಾಗ ಕೈ ಚಿಲಕದ ಮೇಲೇ ನಿಂತಿತು. ಆಮೇಲೆ ಕ್ಯಾಮೆರಾವನ್ನು, ಮುಚ್ಚಳ ಹಾಕುವುದನ್ನೂ ಮರೆತು, ಚಪ್ಪಲಿಗಳ ಪಕ್ಕ ನೆಲದ ಮೇಲಿಟ್ಟು ಬಂದು ತಾಯಿಯ ಕುರ್ಚಿಯ ಹತ್ತಿರ ಕೂತ.

"ಇನ್ನೂ ಇದೆಯಾ ಟೀವಿಯಲ್ಲಿ?" ಎಂದು ಕೇಳಿದರು ಸುಶೀಲಮ್ಮ.

"ಇದೆ ಅಮ್ಮ."

"ಅದು ಎಲ್ಲಿ ಕೂತಿದೆ, ಹೇಗೆ ಕೂತಿದೆ, ನೀನೇ ಹೇಳು. ನಾನು ನೋಡಿದ್ದು ಸರಿಯೋ ತಪ್ಪೋ ತಿಳಿಯುತ್ತೆ."

ಇಂದುಶೇಖರ ಗೋಡೆಯನ್ನು ನೋಡುತ್ತ ಶುರುಮಾಡಿದ. ಮೇಲಿನ ಕೊಂಬೆಯಲ್ಲಿ ಕೂತಿದೆ, ಎದೆ ಉಬ್ಬಿಸಿದೆ, ಮೈ ಹಸಿರು, ಹಣೆ ಕೆಂಪು. ಅಲ್ಲಿಗೆ ಅವನ ಹತ್ತಿರ ಇದ್ದದ್ದು ಮುಗಿಯಿತು. ಆ ಹಕ್ಕಿಯನ್ನು ಅವನು ಒಮ್ಮೆಯೂ ನಿಂತು ನೋಡಿರಲಿಲ್ಲ. ಲೆನ್ಸಿನೊಳಗೆ ಎಷ್ಟು ಗಾಜುಗಳಿವೆ, ಯಾವುದಕ್ಕೆ ಯಾವ ಲೇಪ ಎಂದು ಗಂಟೆಗಟ್ಟಲೆ ಹೇಳಬಲ್ಲವನಿಗೆ ಅದರ ಬಾಲ ಹೇಗಿದೆಯೆಂದೇ ಗೊತ್ತಿರಲಿಲ್ಲ. ಹರ್ಷಿಣಿ ಬಂದು ಅಜ್ಜಿಯ ಇನ್ನೊಂದು ಪಕ್ಕದಲ್ಲಿ ಕೂತಳು. ಬಾಲ ಛೋಟಾ ಸಾ, ಕತ್ತರಿಸಿದ ಹಾಗೆ ಎಂದಳು. ಕಾಲು ಕೆಂಪು ಎಂದಳು. ಕೊಕ್ಕಿನ ಸುತ್ತ ಮೀಸೆ ಇದೆ ಅಜ್ಜಿ, ನಿಜವಾಗ್ಲೂ ಎಂದಳು. ಮೀಸೆಯ ಸುದ್ದಿಗೆ ಸುಶೀಲಮ್ಮ ನಕ್ಕರು. ಅಪ್ಪ ಮಗಳು ಇಬ್ಬರೂ ಇಟ್ಟಿಗೆಗಳ ಕಡೆ ಮುಖ ಮಾಡಿಕೊಂಡು, ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಸೇರಿಸುತ್ತ ಹಕ್ಕಿಯನ್ನು ಹೇಳಿ ಮುಗಿಸಿದರು. ಮನೋರಮಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು.

ಹೊರಗೆ ಅರಳಿಮರದಲ್ಲಿ ಟುಕ್ ಟುಕ್ ಶುರುವಾಯಿತು. ಸುಶೀಲಮ್ಮ ಅತ್ತ ಕಿವಿಗೊಟ್ಟರು.

"ಇದರ ಜೋಡಿ ಅಲ್ಲಿ ಕೂಗ್ತಿದೆ," ಎಂದರು. ಆಮೇಲೆ ಗಾಳಿಯಲ್ಲಿ ಕೈಯಾಡಿಸಿ ಮಗನ ಮೊಣಕಾಲು ಹುಡುಕಿ, ಅದರ ಮೇಲೆ ಕೈಯಿಟ್ಟರು. "ವರ್ಷವೆಲ್ಲ ಕೂತಲ್ಲಿ ಕೂರಲಿಲ್ಲ ನೀನು. ಈಗಲಾದರೂ ಸಮಾಧಾನ ಆಯ್ತಾ ಇಂದೂ?"

"ಆಯ್ತಮ್ಮ," ಎಂದ ಇಂದುಶೇಖರ.

ಅವನು ಅಲ್ಲಿಂದ ಏಳಲಿಲ್ಲ. ಟೀವಿ ಆರಿಸಲೂ ಯಾರೂ ಏಳಲಿಲ್ಲ.